ಬೀರುವಿನೊಳಗಿನ ಪಾಸ್‌ಪೋರ್ಟ್

ಬೆನ್ನ ಹಿಂದೆ ಷಟರ್ ದಡಾರನೆ ಬಿತ್ತು.

ಹೊರಗೆ ಮಟಮಟ ಮಧ್ಯಾಹ್ನ. ಒಳಗೆ ಒಂದೇ ಒಂದು ಬಲ್ಬು, ಹಳೆಯ ಬಟ್ಟೆಗಳ ಮುಗ್ಗಲು ವಾಸನೆ. ಅಂಗಡಿಯವನ ಕೈಯಲ್ಲಿ ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆ. ಅದರ ಚೂಪು ತುದಿ ನನ್ನ ಹೊಟ್ಟೆಯ ಕಡೆಗೇ ತಿರುಗಿತ್ತು.

ಭಾವ, ನಿಮ್ಮ ಮಗಳು ಮಧ್ಯಾಹ್ನವೆಲ್ಲ ಫೋನ್ ಯಾಕೆ ತೆಗೆಯಲಿಲ್ಲ ಎಂದು ಕೇಳಿದಿರಲ್ಲ... ಇದಕ್ಕೇ!

ನಡುವೆ ಬಾಯಿ ಹಾಕಬೇಡಿ. 'ನಾನು ಮೊದಲೇ ಹೇಳಿರಲಿಲ್ವಾ' ಎನ್ನುವ ಮಾತು ನಿಮ್ಮ ನಾಲಿಗೆ ತುದಿಗೆ ಬಂದಿದೆ ಎಂದು ನನಗೆ ಗೊತ್ತು. ನುಂಗಿಕೊಳ್ಳಿ. ನಾನು ಮುಗಿಸಿದ ಮೇಲೂ ಆ ಮಾತು ಬೇಕೆನಿಸಿದರೆ ಆಡಿ, ಕೇಳುತ್ತೇನೆ.

ನನ್ನ ಕೆಲಸ ನಿಮಗೆ ಗೊತ್ತಲ್ಲ. ಇನ್ಶೂರೆನ್ಸ್ ಕಂಪನಿಯ ಪರವಾಗಿ, ಈ ಪರದೇಶದ ಊರಿನಲ್ಲಿ ಪ್ರವಾಸಿಗಳು ಕಳೆದುಕೊಂಡ ಪೆಟ್ಟಿಗೆಗಳನ್ನು ಹುಡುಕುವುದು. 'ಹೆಂಗಸರು ಮಾಡೋ ಕೆಲಸವಾ ಇದು' ಎಂದು ನನ್ನ ಅಕ್ಕನ ಮುಂದೆ ನೀವು ಮೂಗು ಮುರಿದ ಅದೇ ಕೆಲಸ. ಕಳ್ಳಮಾಲಿನ ಅಂಗಡಿಗಳಲ್ಲಿ ಕೊಕ್ಕೆ, ಕತ್ತರಿ, ಚಾಕು ಎಲ್ಲ ನೋಡಿದ್ದೇನೆ. ಆದರೆ ಅಲ್ಲಿ ನನ್ನ ಅಕ್ಕನ ಮಗಳು ನಿಂತಿದ್ದು ಇದೇ ಮೊದಲು.

ನಿಂತಿದ್ದಳು. ಅಳುತ್ತಿರಲಿಲ್ಲ. ಕೈಯಲ್ಲಿ ಒಂದು ನೀಲಿ ಜಾಕೆಟ್, ಒಳಮಗ್ಗುಲು ಹೊರಗೆ ಮಾಡಿದ್ದು. ಪಕ್ಕದಲ್ಲಿ ಅವಳ ಗೆಳತಿ. ದನಿ ಜೋರೆಂದು ಕಾಲೇಜಿನಲ್ಲೆಲ್ಲ 'ಗಂಟೆ' ಎಂದು ಹೆಸರಾದವಳು. ಅಪರೂಪಕ್ಕೆ ಅವಳೂ ಬಾಯಿ ಮುಚ್ಚಿದ್ದಳು.

"ಚಿಕ್ಕಮ್ಮ, ಇದು ಇವಳದ್ದೇ," ಎಂದಳು ನಿಮ್ಮ ಮಗಳು. "ಕಾಲರ್ ಒಳಗೆ ನೋಡಿ."

ನೋಡಿದೆ. ಹಳದಿ ದಾರದಲ್ಲಿ ಹಾಕಿದ ಪುಟ್ಟ ನಕ್ಷತ್ರ. ಮಗಳ ಬಟ್ಟೆ ಹಾಸ್ಟೆಲಿನಲ್ಲಿ ಬೇರೆಯವರದರ ಜೊತೆ ಸೇರಿಹೋಗದಿರಲೆಂದು ಗಂಟೆಯ ತಾಯಿ ಪ್ರತಿ ಬಟ್ಟೆಗೂ ಹಾಕುವ ಗುರುತು.

ಇಷ್ಟಕ್ಕೂ ಅವರು ಅಲ್ಲಿಗೆ ಹೋಗಿದ್ದು ಹೇಗೆ? ಹೇಳುತ್ತೇನೆ.

ಇಬ್ಬರೂ ಕಾಸಿಗೆ ಕಾಸು ಕೂಡಿಸಿ ಬಂದವರು. ಅಗ್ಗದ ಟಿಕೆಟ್, ಅಗ್ಗದ ಲಾಡ್ಜ್. ಬರುವಾಗ ಅರ್ಧ ಖಾಲಿ ಸೂಟ್‌ಕೇಸ್, ಹೋಗುವಾಗ ತುಂಬಿದ ಸೂಟ್‌ಕೇಸ್. ಅಷ್ಟೇ ಅವರ ಪ್ಲಾನ್. ದೊಡ್ಡವರಿಲ್ಲದೆ ಮೊದಲ ಸಲ. ನಾನು ಇದೇ ಊರಿನಲ್ಲಿದ್ದರೂ ಏರ್‌ಪೋರ್ಟಿಗೆ ಬರಬೇಡಿ ಎಂದಿದ್ದಳು ನಿಮ್ಮ ಮಗಳು. ಎಲ್ಲ ತಾವೇ ಮಾಡುತ್ತೇವೆ, ಕೊನೆಯ ದಿನ ಊಟಕ್ಕೆ ಬರುತ್ತೇವೆ ಎಂದಿದ್ದಳು. ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ!

ನೀವೇನು ಮಾಡಿದಿರಿ? ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದ ಅವಳ ಪಾಸ್‌ಪೋರ್ಟನ್ನು ಮನೆತನದ ಒಡವೆಯಂತೆ ತೆಗೆದುಕೊಟ್ಟಿರಿ. ಕೊಡುವಾಗ ಒಂದು ಷರತ್ತು. ಒಂದೇ ಒಂದು ಎಡವಟ್ಟಾದರೂ ಅದು ಮತ್ತೆ ಬೀರುವಿಗೆ, ಮದುವೆಯವರೆಗೂ ಆಚೆ ಬರುವುದಿಲ್ಲ ಎಂದು. ಲಾಡ್ಜಿನ ಮ್ಯಾನೇಜರ್ ನಮ್ಮ ಭಾಷೆಯವನೇ ಎಂದು ಗೊತ್ತಾದ ಮೇಲಷ್ಟೇ ನಿಮಗೆ ನಿದ್ದೆ ಬಂತಂತೆ. ಅಕ್ಕ ಹೇಳಿದ್ದಳು.

ಇವತ್ತು ಬೆಳಿಗ್ಗೆ ಹುಡುಗಿಯರು ತಿಂಡಿ ತಿಂದು ಕೋಣೆಗೆ ವಾಪಸ್ ಬಂದರೆ ಎರಡೂ ಸೂಟ್‌ಕೇಸ್ ಮಾಯ. ಬಾಗಿಲಿನ ಬೀಗ ಮುರಿದಿರಲಿಲ್ಲ. ಮ್ಯಾನೇಜರ್ ಕೈ ಚೆಲ್ಲಿದ. ಅಯ್ಯೋ ತಂಗೀ, ಪೊಲೀಸಿಗೆ ಹೋದರೆ ನಾಳೆಯ ಫ್ಲೈಟ್ ತಪ್ಪುತ್ತದೆ, ಹೋಗಲಿ ಬಿಡಿ ಎಂದು ಬುದ್ಧಿವಾದ ಹೇಳಿದನಂತೆ.

ನಿಮ್ಮ ಮಗಳು ಬಿಡಲಿಲ್ಲ. ನಿಮಗೆ ಫೋನ್ ಮಾಡುವಂತಿಲ್ಲ... ಮಾಡಿದರೆ ಬೀರು! ನನಗೂ ಮಾಡಲಿಲ್ಲ. ಹಳೆಯ ಬಟ್ಟೆ ಎಲ್ಲಿ ಮಾರುತ್ತಾರೆ ಎಂದು ರಸ್ತೆಯಲ್ಲಿ ಸಿಕ್ಕವರನ್ನೆಲ್ಲ ಕೇಳಿದಳು. ಬಸ್ ನಿಲ್ದಾಣದ ಹಿಂದಿನ ಸಂತೆಗೆ ಬಂದಳು. ಅಂಗಡಿಯಿಂದ ಅಂಗಡಿಗೆ ಹೋಗಿ ಗಿರಾಕಿಯಂತೆ ಒಂದೊಂದೇ ಬಟ್ಟೆ ಎತ್ತಿ ಒಳಮಗ್ಗುಲು ತಿರುಗಿಸಿದಳು. ಹೊಲಿಗೆ ನೋಡದೆ ಕರ್ಚೀಫನ್ನೂ ಕೊಳ್ಳದ ಅಕ್ಕನ ಮಗಳಲ್ಲವೇ! ನಾನು ವರ್ಷಾನುಗಟ್ಟಲೆ ಸವೆದು ಕಲಿತ ಕೆಲಸವನ್ನು ಅವಳು ಒಂದು ಬೆಳಿಗ್ಗೆಯಲ್ಲಿ ಮಾಡಿ ಮುಗಿಸಿದ್ದಳು.

ಜಾಕೆಟ್ ಸಿಕ್ಕಿದ ಕೂಡಲೇ ಗಂಟೆ ಕಳ್ಳ ಕಳ್ಳ ಎಂದು ಕೂಗಿದಳು. ಅಂಗಡಿಯವನು ಅರ್ಧ ಷಟರ್ ಎಳೆದು ಅಡ್ಡ ನಿಂತ. ಆಗ ಬಂತು ನನಗೆ ಫೋನ್.

"ಚಿಕ್ಕಮ್ಮ, ಸ್ವಲ್ಪ ಇಲ್ಲೀತನಕ ಬರ್ತೀರಾ?"

ಉಪ್ಪು ಸಾಲ ಕೇಳುವ ದನಿಯಲ್ಲಿ! ನಾನು ಬಗ್ಗಿ ಒಳಗೆ ಹೋದೆ. ಉಳಿದರ್ಧ ಷಟರೂ ಬಿತ್ತು.

ಈಗ ಕೊಕ್ಕೆಗೆ ಬರೋಣ.

ಜಾಕೆಟ್ ಕೆಳಗಿಟ್ಟು ತೆಪ್ಪಗೆ ಹೋಗಿ, ಇಲ್ಲದಿದ್ದರೆ ನೀವೇ ಕದಿಯಲು ಬಂದಿರೆಂದು ಪೊಲೀಸರನ್ನು ಕರೆಯುತ್ತೇನೆ ಎಂದ ಅಂಗಡಿಯವನು. ಕರಿ ಎಂದೆ. ಕರೆಯಲಿಲ್ಲ. ಕೊಕ್ಕೆ ಇನ್ನಷ್ಟು ಹತ್ತಿರ ಬಂತು.

ನನ್ನ ರಕ್ತ ಕುದಿಯುತ್ತಿತ್ತು. ಮೊದಲ ಸಲ ಪರದೇಶ ನೋಡಲು ಬಂದ ಎರಡು ಹುಡುಗಿಯರು... ಅವರ ಬಟ್ಟೆ ಕದ್ದು, ಅವರ ಮೇಲೆಯೇ ಕೊಕ್ಕೆ ಎತ್ತುತ್ತಾನೆ!

"ಗಂಟೆ," ಎಂದೆ. "ಹೊಡಿ."

ಹೊಡೆದಳು ನೋಡಿ ಒಂದು ಕೂಗು... ತಗಡಿನ ಷಟರ್ ಗಡಗಡ ಅಂದಿತು. ಅಂಗಡಿಯವನ ಕೈ ತಾನಾಗಿಯೇ ಕಿವಿಗೆ ಹೋಯಿತು. ಅಷ್ಟು ಸಾಕಿತ್ತು ನನಗೆ. ಬಟ್ಟೆ ತೂಗುಹಾಕುವ ಉದ್ದನೆಯ ಕೋಲಿನಿಂದ ಮಣಿಕಟ್ಟಿಗೆ ಒಂದು ಬಿಟ್ಟೆ. ಕೊಕ್ಕೆ ನೆಲಕ್ಕೆ ಬಿತ್ತು. ಹೊರಗೆ ಜನ ಸೇರಿ ಷಟರ್ ಬಡಿಯತೊಡಗಿದರು. ಅವನ ಮುಖ ಬಿಳಿಚಿಕೊಂಡಿತು.

ಯಾರು ತಂದುಕೊಟ್ಟರು ಎಂದು ಒಂದೇ ಸಲ ಕೇಳಿದೆ. ಲಾಡ್ಜಿನ ಮ್ಯಾನೇಜರ್ ಎಂದ. ತಿಂಗಳಿಗೊಂದೆರಡು ಸಲ ತರುತ್ತಾನೆ, ಇವತ್ತು ಬೆಳಿಗ್ಗೆ ತಾನೇ ಬಂದಿದ್ದ ಎಂದ. ಮೂಲೆಯಲ್ಲಿ ಎರಡೂ ಸೂಟ್‌ಕೇಸ್ ಖಾಲಿಯಾಗಿ ನಿಂತಿದ್ದವು. ನಿಮ್ಮ ಮಗಳು ಹೋಗಿ ತನ್ನದರ ಹಿಡಿ ಹಿಡಿದುಕೊಂಡಳು. ಆಮೇಲೆ ಅವಳ ಮುಖ ಬದಲಾಯಿತು.

"ಚಿಕ್ಕಮ್ಮ... ನಮ್ಮ ಪಾಸ್‌ಪೋರ್ಟ್ ಅವನ ಹತ್ರಾನೇ ಇದೆ."

ಲಾಡ್ಜಿನ ರೂಲ್ಸ್ ಎಂದು ಹೇಳಿ ಬಂದ ದಿನವೇ ತೆಗೆದುಕೊಂಡಿದ್ದನಂತೆ. ಇಂಥ ಊರಿನಲ್ಲಿ ಹಳೆಯ ಜಾಕೆಟ್ಟಿಗಿಂತ ಪಾಸ್‌ಪೋರ್ಟಿಗೆ ಬೆಲೆ ಜಾಸ್ತಿ. ಅಂಗಡಿಯವನ ಕಡೆ ತಿರುಗಿದೆ. ಅವನು ಬೆನ್ನ ಹಿಂದೆ ಫೋನ್ ಹಿಡಿದು ಆಗಲೇ ಸುದ್ದಿ ಮುಟ್ಟಿಸಿದ್ದ.

ಷಟರ್ ಎತ್ತಿಸಿ ಓಡಿದೆವು. ಗಂಟೆಯನ್ನು ಜನರ ಜೊತೆ ಅಂಗಡಿ ಕಾಯಲು ಬಿಟ್ಟೆ. ಸೂಟ್‌ಕೇಸ್ ಬಿಡು ಎಂದರೆ ನಿಮ್ಮ ಮಗಳು ಕೇಳಲಿಲ್ಲ. ಒಮ್ಮೆ ಕಳೆದುಕೊಂಡದ್ದನ್ನು ಮತ್ತೆ ಬಿಡುವುದಿಲ್ಲವಂತೆ.

ಲಾಡ್ಜಿನ ಕೌಂಟರ್ ಖಾಲಿ. ಡ್ರಾಯರ್ ಬಾಯಿ ತೆರೆದು ಬಿದ್ದಿತ್ತು. ಅಡುಗೆಮನೆಯ ಹಿಂಬಾಗಿಲು ಇನ್ನೂ ಅಲ್ಲಾಡುತ್ತಿತ್ತು. ನುಗ್ಗಿದೆ. ಗ್ಯಾಸ್ ಸಿಲಿಂಡರ್‌ಗಳ ಸಾಲು, ಒಣಹಾಕಿದ ಬೆಡ್‌ಶೀಟ್‌ಗಳು, ಅದರಾಚೆ ಇಬ್ಬರು ಪಕ್ಕಪಕ್ಕ ನಡೆಯಲಾಗದ ಓಣಿ. ದೂರದಲ್ಲಿ ಅವನು! ಹೆಗಲಲ್ಲಿ ಚೀಲ, ಕಾಲಲ್ಲಿ ಇನ್ನೂ ಮನೆಚಪ್ಪಲಿ.

ನನ್ನ ಮಂಡಿ ನಿಮಗೆ ಗೊತ್ತಲ್ಲ. ಅರ್ಧ ಓಣಿಗೇ ಕೈಕೊಟ್ಟಿತು.

"ನೀವು ಹಿಂದೆಯಿಂದ ಅಟ್ಟಿಸ್ಕೊಂಡು ಬನ್ನಿ," ಎಂದಳು ನಿಮ್ಮ ಮಗಳು. "ಈ ಪಕ್ಕದ ಸಂದು ಓಣಿ ಕೊನೆಯ ಮೆಟ್ಟಿಲಿನ ಮೇಲ್ತುದಿಗೇ ಹೋಗಿ ಸೇರತ್ತೆ. ಮೊದಲನೇ ದಿನ ಇಲ್ಲೇ ದಾರಿ ತಪ್ಪಿದ್ವಿ."

ಪಕ್ಕದ ಸಂದಿನಲ್ಲಿ ಮಾಯವಾದಳು. ದಾರಿ ತಪ್ಪಿದ್ದಕ್ಕೆ ಅವತ್ತು ಫೋನಿನಲ್ಲಿ ಅರ್ಧ ಗಂಟೆ ಬೈದಿದ್ದಿರಂತೆ. ಬೈಯದೆ ಇನ್ನೇನು ಮಾಡುತ್ತೀರಿ! ದಾರಿ ತಪ್ಪದೆ ಯಾರಿಗೆ ಊರು ಗೊತ್ತಾಗುತ್ತದೆ ಭಾವ?

ಓಣಿಯ ಕೊನೆಯಲ್ಲಿ ಕಡಿದಾದ ಕಲ್ಲಿನ ಮೆಟ್ಟಿಲು. ಮ್ಯಾನೇಜರ್ ಎರಡೆರಡು ಹಾರಿ ಹತ್ತುತ್ತಿದ್ದ. ಮೇಲ್ತುದಿಯಲ್ಲಿ ಅವಳು ಏದುಸಿರು ಬಿಡುತ್ತಾ ಕಾಣಿಸಿಕೊಂಡಳು. ಸೂಟ್‌ಕೇಸನ್ನು ಮುಂದಕ್ಕೆ ತಳ್ಳಿದಳು.

ದಡ... ದಡ... ದಡ... ದಡ!

ಮೊಣಕಾಲಿಗೆ ಸರಿಯಾಗಿ ತಗುಲಿತು. ಅವನು, ಚೀಲ, ಸೂಟ್‌ಕೇಸ್ ಮೂವರೂ ಉರುಳಿಕೊಂಡು ನನ್ನ ಕಾಲಬುಡಕ್ಕೆ ಬಂದರು. ನಾನು ಅವನ ಬೆನ್ನ ಮೇಲೆ ಕೂತೆ. ಓಡಲಾಗದಿದ್ದರೂ ಕೂರಲು ಬರುತ್ತದೆ.

ಚೀಲದಲ್ಲಿ ಆರೇಳು ಪಾಸ್‌ಪೋರ್ಟ್. ಅದರಲ್ಲಿ ಎರಡು ನಮ್ಮವು.

ಕೈ ತಿರುಚಿದೆ. ಹೆಣ್ಣುಮಕ್ಕಳ ಪಾಸ್‌ಪೋರ್ಟ್ ಮಾರುತ್ತೀಯಾ ಎಂದು ಕೇಳಿದೆ. ನನ್ನ ಬಾಯಲ್ಲಿ ಇನ್ನೂ ಏನೇನು ಬಂತೋ, ನಿಮಗೆ ಹೇಳುವಂಥದ್ದಲ್ಲ. ಅವನು ನೆಲಕ್ಕೆ ಮುಖ ಒತ್ತಿಕೊಂಡೇ ನಕ್ಕ.

"ನಾನಾಗಿ ಕೇಳಿದ್ನಾ ಮೇಡಂ? ಇವರಪ್ಪನೇ ತಾನೆ ಇಟ್ಕೊ ಅಂದಿದ್ದು. ಬೇಕಾದ್ರೆ ಫೋನ್ ನೋಡಿ."

ನೋಡಿದೆ. ವಾಯ್ಸ್ ಮೆಸೇಜು, ಸಾಲುಸಾಲಾಗಿ. ಮೊದಲನೆಯದನ್ನು ಒತ್ತಿದೆ. ಆ ಓಣಿಯಲ್ಲಿ ಮೊಳಗಿದ್ದು ಯಾರ ದನಿ ಗೊತ್ತಾ ಭಾವ?

ನಿಮ್ಮದು!

"ತಮ್ಮಾ, ಪಾಸ್‌ಪೋರ್ಟ್ ನಿನ್ನ ಹತ್ರಾನೇ ಇಟ್ಕೊ. ಲಾಡ್ಜಿನ ರೂಲ್ಸ್ ಅಂತ ಹೇಳು. ನನ್ನನ್ನ ಕೇಳ್ದೆ ಕೊಡ್ಬೇಡ. ಬೆಳಿಗ್ಗೆ ತಿಂಡಿಗೆ ಹೊರಗೆ ಹೋಗ್ತಾರೆ, ಬರೋದು ತಡ. ಆಗ ಒಂದ್ಸಲ ಕೋಣೇಲಿ ಏನೇನಿದೆ ನೋಡಿ ನಂಗೆ ಹೇಳು."

ಅವನು ನೋಡಿದ. ಹೇಳುವ ಬದಲು ಹೊತ್ತುಕೊಂಡು ಹೋದ. ಹಾಲು ಕಾಯಲು ಬೆಕ್ಕನ್ನು ಕೂರಿಸಿದ್ದಲ್ಲದೆ, ಪಾತ್ರೆಯ ಮುಚ್ಚಳವನ್ನೂ ನೀವೇ ತೆಗೆದುಕೊಟ್ಟಿದ್ದಿರಿ. ಎಷ್ಟೋ ಮಂದಿ ಕಳ್ಳರನ್ನು ನೋಡಿದ್ದೇನೆ. ಯಾರ ಮೇಲೂ ಇಷ್ಟು ಸಿಟ್ಟು ಬಂದಿರಲಿಲ್ಲ.

ನಿಮ್ಮ ಮಗಳು ಮೆಟ್ಟಿಲು ಇಳಿದು ಬಂದಿದ್ದಳು. ಎಲ್ಲ ಕೇಳಿಸಿಕೊಂಡಳು. ಫೋನ್ ಆಫ್ ಮಾಡಲು ಹೋದೆ. ಬೇಡ ಎಂದು ಕೈ ಹಿಡಿದಳು.

"ಇನ್ನೊಂದ್ಸಲ ಹಾಕಿ ಚಿಕ್ಕಮ್ಮ."

ಹಾಕಿದೆ. ನಿಂತು ಪೂರ್ತಿ ಕೇಳಿದಳು. ಅಂಗಡಿಯಲ್ಲಿ ಕೊಕ್ಕೆಯ ಮುಂದೆ ಅಳದವಳು ಅಲ್ಲಿ ಅತ್ತಳು. ಸದ್ದಿಲ್ಲದೆ, ಗೋಡೆಯ ಕಡೆ ತಿರುಗಿ. ಆಮೇಲೆ ಕಣ್ಣೊರೆಸಿಕೊಂಡು ತನ್ನ ಪಾಸ್‌ಪೋರ್ಟನ್ನು ಒಳಜೇಬಿಗೆ ಹಾಕಿ ಜಿಪ್ ಎಳೆದಳು.

ಪೊಲೀಸರು ಬಂದರು. ಅವನನ್ನೂ ಅಂಗಡಿಯವನನ್ನೂ ಒಂದೇ ಜೀಪಿನಲ್ಲಿ ತುಂಬಿಕೊಂಡು ಹೋದರು. ಹುಡುಗಿಯರ ಸಾಮಾನು ಬಹುಪಾಲು ಸಿಕ್ಕಿತು. ಮನೆಗೆ ನಡಿ ಎಂದೆ. ಇನ್ನೂ ಒಂದು ಅಂಗಡಿ ಬಾಕಿ ಇದೆ ಎಂದಳು ನಿಮ್ಮ ಮಗಳು. ಕುಂಟುತ್ತಾ ಅವಳ ಹಿಂದೆ ಹೋದೆ.

ನಿಮಗೊಂದು ಅಂಗಿ ಕೊಂಡಳು ಭಾವ. ಬೂದು ಬಣ್ಣ, ಉದ್ದ ತೋಳು, ನೀವು ಇಷ್ಟಪಡುವಂಥದ್ದೇ. ಊರಿನಿಂದ ಹೊರಡುವಾಗಲೇ ಅಂದುಕೊಂಡಿದ್ದಳಂತೆ. ನಾನಾಗಿದ್ದರೆ ಕೊಳ್ಳುತ್ತಿರಲಿಲ್ಲ. ಅವಳು ಒಳಮಗ್ಗುಲು ತಿರುಗಿಸಿ ಒಂದೊಂದು ಹೊಲಿಗೆಯನ್ನೂ ನೋಡಿ ಕೊಂಡಳು.

ಈಗ ನನ್ನ ಮನೆಯಲ್ಲಿ ಇಬ್ಬರೂ ಊಟ ಮುಗಿಸಿ ಸೂಟ್‌ಕೇಸ್ ತುಂಬುತ್ತಿದ್ದಾರೆ. ಗಂಟೆಯ ನಗು ಕೇಳಿಸುತ್ತಿರಬೇಕು. ನಾಳೆ ಬರುತ್ತಾರೆ. ಅಂಗಿ ನಿಮ್ಮ ಕೈಗೆ ಬರುತ್ತದೆ. ಪಾಸ್‌ಪೋರ್ಟ್ ಬರುವುದಿಲ್ಲ, ಅದು ಅವಳ ಜೇಬಿನಲ್ಲೇ ಇರುತ್ತದೆ. ಕೇಳುವ ಧೈರ್ಯ ಮಾಡಬೇಡಿ.

ಬೀರುವಿನಲ್ಲಿ ಜಾಗ ಖಾಲಿಯಾಯಿತೆಂದು ಬೇಜಾರಾದರೆ... ನಿಮ್ಮ ಫೋನ್ ಇಟ್ಟು ಬೀಗ ಹಾಕಿ.