ಗದ್ದಲಪ್ಪನ ಬಾತುಕೋಳಿಗಳು

"ಕಿವಿ ಕೇಳ್ಸಲ್ವೇನ್ರೀ ನಿಮಗೆ?" ಅಂತ ಅವಳು ಟೈಪ್ ಮಾಡಿದ್ದು ಬರೀ ಸಿಟ್ಟಿನಲ್ಲಿ.

ಪರದೆಯ ಮೇಲೆ ಉತ್ತರ ಬಂತು. "ಇಲ್ಲ ರೀ. ಕೇಳ್ಸಲ್ಲ."

ಅವಳು ದಂಗಾದಳು. ಮಾಡೋದೆಲ್ಲಾ ಮಾಡಿ ಉಡಾಫೆ ಬೇರೆ!

ಲಿಫ್ಟ್ ಕಂಪನಿಯೊಂದರಲ್ಲಿ ದೂರಿನ ಫೋನ್ ಎತ್ತುವುದು ಅವಳ ಕೆಲಸ. ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡವರು, ಮೆಟ್ಟಿಲು ಹತ್ತಿ ಮಂಡಿ ಹಿಡಿದವರು, ಎಲ್ಲರೂ ಕಿರುಚುವುದು ಅವಳ ಕಿವಿಯೊಳಗೇ. ಸಂಜೆ ಕಂಪ್ಯೂಟರ್ ಮುಂದೆ ಕೂತು, ಒಂದು ಆನ್‌ಲೈನ್ ಆಟದ ಲೋಕದಲ್ಲಿ ತಾನೇ ಕಟ್ಟಿಕೊಂಡ ಕೆರೆದಂಡೆಯ ಮನೆಗೆ ಹೋದರೆ ಮಾತ್ರ ಜೀವಕ್ಕೆ ತಂಪು. ಊರೂರಿನ ಜನ ಅಲ್ಲಿ ಗೊಂಬೆಗಳ ವೇಷದಲ್ಲಿ ಓಡಾಡುತ್ತಿದ್ದರು. ಅವಳ ಮನೆ ಸುತ್ತ ಮಾತ್ರ ಯಾರೂ ಇರಲಿಲ್ಲ. ಗಾಳಿ, ಎಲೆ, ನೀರಿನ ಸದ್ದು, ಅಷ್ಟೇ.

ಪಕ್ಕದ ಸೈಟಿಗೆ ಕರಡಿ ವೇಷದವನೊಬ್ಬ ಬಂದಿಳಿಯುವ ತನಕ.

ಮೊದಲು ನೀರಿನ ಚಕ್ರ ನೆಟ್ಟ. ಗಡಗಡ, ಗಡಗಡ. ಆಮೇಲೆ ಕಿರುಗುಟ್ಟುವ ಗೇಟು, ತನ್ನಷ್ಟಕ್ಕೆ ಬಡಿದುಕೊಳ್ಳುವ ಸುತ್ತಿಗೆ, ಕೊನೆಗೆ ಬಾತುಕೋಳಿಗಳ ದೊಡ್ಡ ಹಿಂಡು. ಸೌಂಡ್ ಆಫ್ ಮಾಡಿದರೆ ಅವಳ ಎಲೆಗಳೂ ಮೂಕವಾಗುತ್ತಿದ್ದವು. ಮೈಕಿನಲ್ಲಿ ಕೂಗಿದಳು, ಬೇಡಿಕೊಂಡಳು, ಬೈದಳು. ಕರಡಿ ಕೈಬೀಸಿ ಕುಣಿಯಿತು.

"ಯಾರ ಜೊತೆನೇ ಜಗಳ?" ಅಂತ ಅಕ್ಕ ಅಡುಗೆಮನೆಯಿಂದ ಓಡಿ ಬಂದಿದ್ದಳು.

"ಪಕ್ಕದ ಮನೆಯವನ ಜೊತೆ. ಗದ್ದಲಪ್ಪ!"

ಅಕ್ಕ ಗೋಡೆ ಕಡೆ ನೋಡಿ ಬೆಚ್ಚಿದಳು. "ಪಕ್ಕದ ಮನೆ ಖಾಲಿ ಇದ್ಯಲ್ಲೇ ಪುಟ್ಟಿ!"

ಹೀಗೆ ಗಂಟಲು ಬಿದ್ದುಹೋದ ಮೇಲೆಯೇ ಅವಳು ಟೈಪ್ ಮಾಡಿದ್ದು. ಈಗ ಕರಡಿಯ ತಲೆ ಮೇಲೆ ಇನ್ನಷ್ಟು ಅಕ್ಷರ ಮೂಡಿತು.

"ತಮಾಷೆ ಅಲ್ಲ ರೀ. ಕಾಲೇಜು ಮುಗಿಸಿದ ವರ್ಷ ಜ್ವರ ಬಂದು ಎರಡೂ ಕಿವಿ ಹೋಯ್ತು. ಯಾಕೆ, ಏನಾದ್ರೂ ಸದ್ದು ಬರ್ತಿದ್ಯಾ?"

ಅವಳ ಕೈ ಕೀಬೋರ್ಡಿನ ಮೇಲೇ ನಿಂತುಹೋಯಿತು. ಕೈಬೀಸಿದ್ದು ಅಣಕಿಸೋಕಲ್ಲ, ಸ್ನೇಹಕ್ಕೆ. ಅಯ್ಯೋ, ಏನೆಲ್ಲಾ ಅಂದುಬಿಟ್ಟೆ!

"ಸ್ವಲ್ಪ. ಚಕ್ರದ್ದು, ಗೇಟಿಂದು... ಬಾತುಕೋಳಿಗಳದ್ದು."

"ಇಲ್ಲಿನ ಬಾತುಕೋಳಿಗಳೂ ಕೂಗ್ತವಾ?" ಈಗ ದಂಗಾಗುವ ಸರದಿ ಅವನದು. "ನೀವು ಒಬ್ಬರೇ ಕೂತಿರ್ತೀರಲ್ಲ, ಕಂಪನಿ ಇರ್ಲಿ ಅಂತ ನಿಮ್ಮ ಕಡೆಗೇ ಬಿಟ್ಟಿದ್ದೆ!"

ಮರುದಿನ ಸಂಜೆ ಹೋಗಿ ನೋಡಿದರೆ ಪಕ್ಕದ ಅಂಗಳ ಬಟಾಬಯಲು. ಚಕ್ರ ಇಲ್ಲ, ಗೇಟು ಇಲ್ಲ, ಒಂದು ಬಾತುಕೋಳಿಯೂ ಇಲ್ಲ. ಬಯಲ ನಡುವೆ ಕರಡಿ ತಲೆ ತಗ್ಗಿಸಿ ಕೂತಿತ್ತು. ಬಯಸಿದ ನೆಮ್ಮದಿ ಸಿಕ್ಕಿತ್ತು. ಅವಳು ಮಾತ್ರ ನೇರ ಕರಡಿಯ ಮುಂದೆ ಹೋಗಿ ಟೈಪ್ ಮಾಡಿದಳು.

"ಎಲ್ಲಾ ವಾಪಸ್ ಇಡಿ. ಒಂದೊಂದಾಗಿ. ಯಾವುದು ಎಷ್ಟು ಸದ್ದು ಮಾಡುತ್ತೆ ಅಂತ ನಾನು ಹೇಳ್ತೀನಿ."

ಅವನು ಇಟ್ಟ. ಅವಳು ಹೇಳಿದಳು. ಚಕ್ರ, ಗಂಟಲಲ್ಲಿ ನೀರು ಮುಕ್ಕಳಿಸುವ ತಾತನ ಹಾಗೆ. ಗೇಟು, ಬೇಡದ ನೆಂಟರು ಬಂದಾಗ ನಮ್ಮಕ್ಕ ಬಿಡೋ ನಿಟ್ಟುಸಿರು. ಬಾತುಕೋಳಿ?

"ಲಿಫ್ಟಲ್ಲಿ ಸಿಕ್ಕಿಹಾಕಿಕೊಂಡ ಮ್ಯಾನೇಜರ್."

ಕರಡಿ ಹೊಟ್ಟೆ ಹಿಡಿದು ಉರುಳಾಡಿತು. ತನ್ನ ಕೋಣೆಯಲ್ಲಿ ಅವನೂ ಹಾಗೇ ನಗುತ್ತಿರಬಹುದಾ? ಆ ನಗು ಹೇಗಿರುತ್ತೆ? ಅದನ್ನು ನೆನೆದೇ ಅವಳ ಕೆನ್ನೆ ಬೆಚ್ಚಗಾಯಿತು.

ಆಮೇಲಿನ ಸಂಜೆಗಳೆಲ್ಲಾ ಹಾಗೇ ಕಳೆದವು. ಅವನು ಕನ್ನಡಕದ ಗಾಜು ಉಜ್ಜುವವನು. ಮಿಷನ್ ಎಷ್ಟು ಕೂಗಿದರೂ ನನಗೇನು, ಅಂದ. ಗಾಜಿನ ಗೀರನ್ನು ಬೆರಳಲ್ಲೇ ಹುಡುಕ್ತೀನಿ, ಅಂದ. ಕೆಲಸದಲ್ಲಿ ಯಾರಾದರೂ ಬೈದರೆ ಅವಳು ಈಗ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು, ಅವನಿಗೆ ಹೇಳೋಕೆ.

"ಒಂದ್ಸಲ ಹೊರಗೆ ಸಿಗೋಣ್ವಾ?" ಅಂತ ಕೇಳಿದವಳು ಅವಳೇ.

ಕರಡಿ ಒಂದು ಹೆಜ್ಜೆ ಹಿಂದೆ ಸರಿಯಿತು. ಆಮೇಲೆ ಅದರ ತಲೆ ಮೇಲೆ ಅಕ್ಷರ ಮೂಡಿತು. "ಇಲ್ಲಿ ಇಬ್ಬರೂ ಟೈಪ್ ಮಾಡ್ತೀವಿ, ಸರಿಸಮ. ಹೊರಗೆ ನೀವು ಮಾತಾಡ್ತೀರಿ, ನಾನು ಅರ್ಥವಾದವನ ಹಾಗೆ ತಲೆ ಆಡಿಸ್ತೀನಿ. ಆ ನನ್ನನ್ನ ನೀವು ನೋಡೋದು ಬೇಡ."

"ಅರ್ಥವಾಗದಿದ್ರೆ ತಲೆ ಆಡಿಸ್ಬೇಡಿ. ಮತ್ತೆ ಕೇಳಿ. ಎಷ್ಟು ಸಲ ಬೇಕಾದ್ರೂ ಹೇಳ್ತೀನಿ."

ಭಾನುವಾರ ಬೆಳಿಗ್ಗೆ, ಬಸ್ ನಿಲ್ದಾಣದ ಎದುರಿನ ಕಾಫಿ ಅಂಗಡಿಗೆ ಅವನು ಬಂದ. ಕರಡಿಯ ಗಾತ್ರವೇನೂ ಇಲ್ಲ; ತೆಳ್ಳಗೆ, ಎತ್ತರಕ್ಕೆ, ನಾಚಿಕೊಂಡ ಕಣ್ಣು. ಅವಳನ್ನು ನೋಡಿದ್ದೇ ಆ ಕಣ್ಣು ಒಮ್ಮೆ ಕೆಳಗಿಳಿದು, ತಡೆಯಲಾರದೆ ಮತ್ತೆ ಮೇಲೆದ್ದಿತು.

"ನೀವೇನಾ!" ಅಂದ.

ಅವಳು ಕುರ್ಚಿಯಿಂದ ಹಾರಿಬಿದ್ದಳು. ಲೋಟ ಒರೆಸುತ್ತಿದ್ದವನು ಕೈ ನಿಲ್ಲಿಸಿ ನೋಡಿದ. ಆ ತೆಳ್ಳಗಿನ ಮೈಯಿಂದ ಅಷ್ಟು ದೊಡ್ಡ ದನಿ! ತನ್ನ ದನಿ ಎಷ್ಟು ಜೋರು ಅಂತ ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಅವಳು ನಿಧಾನ ಮಾತಾಡಿದಳು. ಅವನು ತುಟಿ ನೋಡಿ ಓದಿದ. ಗೊತ್ತಾಗದ್ದನ್ನು ಮತ್ತೆ ಕೇಳಿದ. ತಲೆ ಆಡಿಸಲಿಲ್ಲ. ಕಾಫಿ ಆರಿಹೋಯಿತು.

ಆಮೇಲೆ ಅವನು ಅತ್ತಿತ್ತ ನೋಡಿ, ಮುಂದಕ್ಕೆ ಬಾಗಿ, ಬಾಯಿಗೆ ಕೈ ಅಡ್ಡ ಹಿಡಿದ. ಗುಟ್ಟು ಹೇಳುವವನ ಹಾಗೆ.

"ನಿಮ್ಮ ಮೇಲೆ ನನಗೆ ಪ್ರೀತಿ ಆಗಿದೆ ರೀ!"

ಇಡೀ ಅಂಗಡಿ ಸ್ತಬ್ಧ. ಯಾರದೋ ಚಮಚ ನೆಲಕ್ಕೆ ಬಿತ್ತು. ಬಾಗಿಲಲ್ಲಿ ಛತ್ರಿ ಮಡಚುತ್ತಿದ್ದ ಹೆಂಗಸು ಹಾಗೇ ಕಲ್ಲಾದಳು. ಇತ್ತ ಇವಳ ಮುಖಕ್ಕೆ ರಕ್ತವೆಲ್ಲಾ ನುಗ್ಗಿಬಂದಂತಾಯಿತು. ಅವನೊಬ್ಬನೇ, ಏನೂ ಅರಿಯದೆ, ಅವಳ ತುಟಿಯನ್ನೇ ನೋಡುತ್ತಾ ಕಾಯುತ್ತಿದ್ದ.

"ನನಗೂ... ಪ್ರೀತಿ," ಅಂದಳು.

ಅವನು ಹುಬ್ಬು ಗಂಟಿಕ್ಕಿದ. "ಬೀದಿನಾ? ಯಾವ ಬೀದಿ?"

ಅಂಗಡಿಯಲ್ಲಿ ನಗು ಉಕ್ಕಿತು. "ಪ್ರೀತಿ ಕಣಪ್ಪಾ, ಪ್ರೀತಿ!" ಅಂತ ಪಕ್ಕದ ಟೇಬಲ್ಲಿನ ಅಜ್ಜಿ ಅವನ ಬೆನ್ನಿಗೆ ಕೂಗಿ ಹೇಳಿದರು. ಪಾಪ, ಅವನಿಗೆ ಅಜ್ಜಿ ಇದ್ದದ್ದೂ ಗೊತ್ತಿಲ್ಲ.

ಅವಳು ಎದ್ದಳು. ತನ್ನ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಕೂತಳು. ಎರಡೂ ಕೈಯಲ್ಲಿ ಅವನ ಮುಖ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಅಂಗಡಿಯ ನಗು ಒಮ್ಮೆಗೇ ನಿಂತಿತು. ಅವಸರವಿಲ್ಲದೆ, ಒಂದೊಂದೇ ಅಕ್ಷರವಾಗಿ ಮತ್ತೆ ಹೇಳಿದಳು.

ಅವನ ಕಣ್ಣು ಅವಳ ತುಟಿಯಿಂದ ಕಣ್ಣಿಗೆ ಹತ್ತಿತು. ಅಲ್ಲೇ ನಿಂತಿತು. ತುಂಬಿತು.

"ಬೀದಿ ಅಲ್ಲ," ಅಂದ.

ಆ ಮಾತು ಅವಳೊಬ್ಬಳಿಗೇ ಕೇಳಿಸುವಷ್ಟು ಮೆಲ್ಲಗಿತ್ತು.