ಸಮಾಧಿಯ ಎದುರು ಹನ್ನೊಂದು ಕಲೆ

ದೆವ್ವಕ್ಕೆ ಹೆದರುವವಳು ನಾನು. ಪುಷ್ಪಲತಾ ಮೇಡಂ ಹೆದರುವುದು ತೂಕ ತಪ್ಪಿದ ತಕ್ಕಡಿಗೆ ಮಾತ್ರ. ಕಾಲೇಜಿನ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ಅವರ ಸಹಾಯಕಿಯಾಗಿದ್ದೆ. ಅವರು ನಿವೃತ್ತರಾದ ಮೇಲೂ ಬಿಡುಗಡೆ ಸಿಗಲಿಲ್ಲ. ಬಗೆಹರಿಯದ ಸಂಗತಿ ಹೊತ್ತು ಯಾರಾದರೂ ವಿದ್ಯಾನಗರದ ಅವರ ಮನೆಗೆ ಬಂದರೆ ನನಗೆ ಫೋನು: "ಯಾಸ್ಮೀನ್, ತಕ್ಕಡಿ ತಗೊಂಡು ಬಾ."

ಆ ದಿನ ಬಂದವರು ಹರಿಹರದ ಶಿವಮೂರ್ತಪ್ಪ. ಹೊಳೆದಂಡೆಯ ಸ್ವಂತ ಜಮೀನಿನಲ್ಲಿ ಹೆಂಡತಿ ಅನ್ನಪೂರ್ಣಮ್ಮನನ್ನು ಮಣ್ಣು ಮಾಡಿ, ಸಮಾಧಿಯ ಮುಂದೆ ಹುಲ್ಲುಹಾಸು ಬೆಳೆಸಿದ್ದರು. ನಾಡಿದ್ದು ವರ್ಷದ ಪೂಜೆ, ಆದರೆ ಹುಲ್ಲು ಸುಟ್ಟುಹೋಗಿತ್ತು. ಆ ಅಂಚಿನಿಂದ ಈ ಅಂಚಿಗೆ ಹನ್ನೊಂದು ಹಳದಿ ಪಟ್ಟೆ. ಪ್ರತಿ ಪಟ್ಟೆಯಲ್ಲೂ, ಸರಿಯಾಗಿ ಸಮಾಧಿಯ ಎದುರಿಗೆ, ಊಟದ ತಟ್ಟೆಯಗಲದ ಒಂದು ಕಲೆ.

"ಅಡ್ಡಾಡ್ಯಾಳ್ರಿ ಅವಳು," ಎಂದರು ಅವರು. "ಪ್ರತಿ ಸಲ ನಿಂತು ತನ್ನ ಕಲ್ಲು ತಾನೇ ನೋಡ್ಯಾಳೆ. ಮಗ ಬರ್ತಾನಂತ ಬಾಗಿಲ ಕಡೀಗೇ ಕಣ್ಣಿಟ್ಟು ಸತ್ತವಳು."

ಮಗ ಕೊಟ್ಟೂರೇಶ್ ಆಗ ಫೋನು ಬಂದ್ ಮಾಡಿ ಗೆಳೆಯರೊಡನೆ ತಿರುಗಾಟಕ್ಕೆ ಹೋಗಿದ್ದನಂತೆ. ಬಂದದ್ದು ಮಣ್ಣಾದ ಮೇಲೆ. ಆ ಜಾಗದಲ್ಲಿ ಕಾಲಿಡಬೇಡ ಎಂದು ಅಪ್ಪ ಅಂದೇ ಹೇಳಿಬಿಟ್ಟಿದ್ದರು. ಈಗ ಅವನದು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಪಂಪ್‌ಸೆಟ್ ಅಂಗಡಿ.

ದೆವ್ವವನ್ನು ನಂಬದ ನೆಂಟರು ಮಾಲಿ ತೋಟಪ್ಪನತ್ತ ಬೆರಳು ತೋರಿಸುತ್ತಿದ್ದರು. ವಿಪರೀತ ಗೊಬ್ಬರ ಸುರಿದು, ಎರಡು ದಿನ ಮಾಯಕೊಂಡಕ್ಕೆ ಮದುವೆಗೆ ಹೋದ ಎನ್ನುವುದು ಅವರ ವಾದ. ತೋಟಪ್ಪನ ಸಂಸಾರ ಹೊಳೆದಂಡೆಯ ಆ ಜಮೀನಿನದೇ ಒಂದು ಕೋಣೆಯಲ್ಲಿತ್ತು.

"ಅವನಾದ್ರೆ ಪೂಜೆ ಮುಗಿದ ಕೂಡ್ಲೇ ಹೊರಗೆ ಹಾಕ್ತೀನಿ," ಎಂದರು ಶಿವಮೂರ್ತಪ್ಪ. "ಅವಳಾದ್ರೆ ನಾನೇನು ಮಾಡ್ಲಿ, ನೀವೇ ಹೇಳ್ರಿ."

ಮರುದಿನ ಹೋದೆವು. ಹೊಳೆಯ ಗಾಳಿಗೆ ಹಸಿರು ಹುಲ್ಲು ಅಲುಗುತ್ತಿತ್ತು, ಸುಟ್ಟ ಪಟ್ಟೆಗಳು ಅಲುಗುತ್ತಿರಲಿಲ್ಲ. ಕಲೆಗಳೆಲ್ಲ ಒಂದರ ಹಿಂದೊಂದು ಸಾಲಾಗಿ ಕಲ್ಲಿನತ್ತ ಹೊರಟಿದ್ದವು. ಅವುಗಳ ಮೇಲೆ ಕಾಲಿಡಲು ನನಗೆ ಧೈರ್ಯ ಸಾಲಲಿಲ್ಲ, ಸುತ್ತುಹಾಕಿ ಹೋದೆ. ಮೇಡಂ ಮಾತ್ರ ಮಂಡಿಯೂರಿ ಕಲೆಯನ್ನು ಮೂಸಿ ನೋಡಿದರು.

ಶೆಡ್ಡಿನಲ್ಲಿ ಗೊಬ್ಬರ ಎರಚುವ ತಳ್ಳುಗಾಡಿ ಇತ್ತು. ತಳ್ಳಿದರೆ ಗಾಲಿಯ ಜೊತೆ ಕೆಳಗಿನ ತಟ್ಟೆ ಸುತ್ತಿ, ಡಬ್ಬಿಯಿಂದ ಬೀಳುವ ಕಾಳನ್ನು ಎರಡೂ ಬದಿಗೆ ಚಿಮ್ಮುತ್ತದೆ. ಕಿಂಡಿ ತೆರೆದು ಮುಚ್ಚಲು ಹಿಡಿಕೆಯಲ್ಲೊಂದು ಲಿವರ್. ಎಷ್ಟು ತೆರೆಯಬೇಕು ಎಂಬುದಕ್ಕೆ ತೋಟಪ್ಪ ಕೆಂಪು ಬಣ್ಣದ ಗುರುತು ಹಾಕಿದ್ದ. ಶೆಡ್ಡಿನ ಬೀಗ ಒಡೆದಿರಲಿಲ್ಲ. ಕೀಲಿ ಮೂರು: ತೋಟಪ್ಪನದು, ಯಜಮಾನರದು, ಹಿಂದಿನಿಂದಲೂ ಮಗನ ಬಳಿ ಉಳಿದದ್ದು.

ಮೇಡಂ ಪಕ್ಕದ ಬಯಲಿನಲ್ಲಿ ಒಂಬತ್ತು ಸ್ಟೀಲ್ ತಟ್ಟೆ ಸಾಲಾಗಿ ಇಡಿಸಿದರು. ತೋಟಪ್ಪ ತಾನು ಯಾವಾಗಲೂ ಹಾಕುವ ಬೇವಿನಹಿಂಡಿಯ ದಪ್ಪ ಕಾಳು ತುಂಬಿ, ಸಾಲಿನ ನಡುವೆ ಹಾಯ್ದು ತಳ್ಳಿದ. ನಾನು ತೂಗಿದೆ. ನಡುವಿನ ತಟ್ಟೆಯಲ್ಲಿ ಹೆಚ್ಚು, ಅಂಚಿನವುಗಳಲ್ಲಿ ಚಿಟಿಕೆಯಷ್ಟು.

"ಅದಕ್ಕೇ ಬರೋವಾಗ ಒಂದು ಅಂಚಿನ ಮೇಲೆ ಇನ್ನೊಂದು ಅಂಚು ಬೀಳಂಗೆ ಬರ್ಬೇಕ್ರಿ," ಎಂದು ಅತ್ತಿತ್ತ ಸರಿದು ಮತ್ತೆರಡು ಸಲ ತಳ್ಳಿದ. ತೂಕ ಎಲ್ಲ ಕಡೆಯೂ ಹೆಚ್ಚುಕಡಿಮೆ ಸಮವಾಯಿತು. ಆಮೇಲೆ ಮೇಡಂ ಅದೇ ಕೆಂಪು ಗುರುತಿಗೆ ರಾಗಿ ತುಂಬಿಸಿ ನೋಡಿದರು. ದುಪ್ಪಟ್ಟು ಬಿತ್ತು. ನಾಳೆಗೂ ಡಬ್ಬಿಯಲ್ಲಿ ರಾಗಿಯೇ ಇರಲಿ ಎಂದರು.

ಕೊಟ್ಟೂರೇಶನಿಗೆ ಅವರೇ ಫೋನು ಮಾಡಿದರು. ಅಪ್ಪ ಬೇಡವೆಂದ ಜಾಗಕ್ಕೆ ತಾನು ಹೋಗಿಯೇ ಇಲ್ಲ, ಹೋಗುವುದೂ ಇಲ್ಲ ಎಂದ. ಆದರೂ ಪೂಜೆಯ ದಿನ ಬಂದು ಗೇಟಿನಾಚೆ ನಿಂತಿದ್ದ. ಮೇಡಂ ಕೈಹಿಡಿದು ಒಳಗೆ ಕರೆತಂದರು. ಶಿವಮೂರ್ತಪ್ಪ ಮುಖ ತಿರುಗಿಸಿದರು.

ನೆಂಟರೆಲ್ಲ ನೆರೆದಿದ್ದರು. ಮೊದಲು ತೋಟಪ್ಪ ಗಾಡಿ ತಳ್ಳಿದ. ಸಮಾಧಿಯ ಎದುರು ಲಿವರ್ ಟಕ್ಕೆಂದು ಮುಚ್ಚಿ, ಆಮೇಲೆ ಹಿಡಿಕೆ ಬಿಟ್ಟು ಕೈ ಮುಗಿದ. ಒಂದು ಕಾಳೂ ಬೀಳಲಿಲ್ಲ.

"ಈಗ ನೀವು," ಎಂದರು ಮೇಡಂ, ಕೊಟ್ಟೂರೇಶನಿಗೆ.

ಅವನು ತಲೆತಗ್ಗಿಸಿ ತಳ್ಳಿದ. ಕಲ್ಲಿನ ಎದುರು ಬಂದದ್ದೇ ತಡ, ಎರಡೂ ಕೈ ತಾವಾಗಿ ಹಿಡಿಕೆ ಬಿಟ್ಟು ಜೋಡಿಸಿಕೊಂಡವು. ಲಿವರ್ ತೆರೆದೇ ಇತ್ತು. ರಾಗಿ ಸುರಿಯುವ ಸದ್ದು ಎಲ್ಲರಿಗೂ ಕೇಳಿಸಿತು. ಅವನು ಕಣ್ಣು ತೆರೆಯುವಷ್ಟರಲ್ಲಿ ಗಾಡಿಯ ಕೆಳಗೆ ತಟ್ಟೆಯಗಲದ ಗುಡ್ಡೆಯಾಗಿತ್ತು.

ಮೇಡಂ ಮೆಲ್ಲಗೆ ಬಿಡಿಸಿ ಹೇಳಿದರು. ಪಟ್ಟೆ ಎಂದರೆ ಅಂಚು ಕೂಡಿಸಲು ಬಾರದವರ ಕೈಕೆಲಸ, ತೋಟಪ್ಪನದಲ್ಲ. ಕೆಂಪು ಗುರುತು ದಪ್ಪ ಕಾಳಿಗೆ ಹಾಕಿದ್ದು. ತೋಟಪ್ಪ ಮದುವೆಗೆ ಹೋದಾಗ ಅದೇ ಗುರುತಿಗೆ ಯಾರೋ ಸಣ್ಣ ಕಾಳಿನ ಯೂರಿಯಾ ತುಂಬಿದ್ದಾರೆ, ಕಲೆಯಲ್ಲಿ ಅದರದೇ ಘಾಟು. ಬೀಗ ಒಡೆದಿಲ್ಲ, ಯಜಮಾನರ ಮೊಣಕಾಲು ನೋವು ಗಾಡಿ ತಳ್ಳಲು ಬಿಡದು. ಅಂದರೆ ಉಳಿದದ್ದು ಮೂರನೆಯ ಕೀಲಿ.

"ಕೈ ಎಲ್ರೂ ಮುಗಿತಾರೆ," ಎಂದರು. "ಕಿಂಡಿ ಮುಚ್ಚೋದು ಮರೆತು ಹನ್ನೊಂದು ಸಲ ಮುಗಿದವನು ಒಬ್ಬನೇ."

ಕೊಟ್ಟೂರೇಶ್ ಗಾಡಿಯ ಬಳಿಯಿಂದಲೇ ತೋಟಪ್ಪನತ್ತ ತಿರುಗಿ, ಅಪವಾದ ನಿನ್ನ ಮೇಲೆ ಬಂದದ್ದು ಗೊತ್ತಿರಲಿಲ್ಲ ಎಂದ. ಆಮೇಲೆ ಅಪ್ಪನನ್ನು ನೋಡಿದ.

"ಪೂಜೆಗೆ ನನ್ನ ಕರೆಯಲ್ಲ ಅಂತ ಗೊತ್ತಿತ್ತು. ಹುಲ್ಲಾದ್ರೂ ಹಸಿರಾಗಿರ್ಲಿ ಅಂತ ಹಾಕ್ದೆ. ಒಂದ್ಸಲ ಕೈ ಮುಗಿದ್ರೆ ಸಾಕಾಗ್ಲಿಲ್ಲ, ಅಪ್ಪ."

ಶಿವಮೂರ್ತಪ್ಪ ಮೊಣಕಾಲು ಹಿಡಿದುಕೊಂಡು, ಸುಟ್ಟ ಪಟ್ಟೆಗಳನ್ನು ದಾಟುತ್ತ ಮಗನ ಹತ್ತಿರ ಬಂದರು. ರಾಗಿ ಇನ್ನೂ ಸುರಿಯುತ್ತಲೇ ಇತ್ತು. ಅವರು ಮಗನ ಕೈಯನ್ನು ಲಿವರಿನ ಮೇಲಿಟ್ಟು, ಅದರ ಮೇಲೆ ತಮ್ಮ ಕೈಯಿಟ್ಟು ಒತ್ತಿದರು. ಸದ್ದು ನಿಂತಿತು.

"ಮೊದ್ಲು ಇದನ್ನ ಮುಚ್ಚು," ಎಂದರು. "ಆಮೇಲೆ ಎಷ್ಟೊತ್ತು ಬೇಕಾದ್ರೂ ನಿಂತ್ಕೋ."