ಓ ನೆಗೆಟಿವ್ ಧರ್ಮೇಂದ್ರ

ಅರಕೆರೆಯಲ್ಲಿ ಒಂದು ಸಲ ಉಸಿರೆಳೆದುಕೊಂಡರೆ, ಬಸ್ಸು ಶ್ರೀರಂಗಪಟ್ಟಣ ಮುಟ್ಟುವವರೆಗೂ ನಾನು ಮತ್ತೆ ಉಸಿರಾಡಬೇಕಾಗಿಲ್ಲ. ನನ್ನ ಒಂದೊಂದು ಕೆಂಪು ರಕ್ತಕಣವೂ ಹತ್ತು ಜನಕ್ಕಾಗುವಷ್ಟು ಆಮ್ಲಜನಕ ಹೊರುತ್ತದೆ!

ಕಂಡಕ್ಟರಾದ ನಾನು ಇದನ್ನು ದಿನಾ ಕೊಚ್ಚುತ್ತಿದ್ದುದು ಮೂರನೇ ಸೀಟಿನ ರಂಜಿತಳ ಮುಂದೆ. ಪಟ್ಟಣದ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು.

"ಹೊತ್ಕೊಳೋದೇನು ದೊಡ್ದು ಕಂಡಕ್ಟ್ರೇ?" ಅವಳು ಕಣ್ಣಂಚಿನಲ್ಲೇ ನಕ್ಕಳು. "ಶ್ವಾಸಕೋಶದಲ್ಲಿ ಎಲ್ಲಾರ ಕಣನೂ ಆಮ್ಲಜನಕ ಹತ್ತಿಸ್ಕೊತದೆ, ನಿಮ್ಮ ಬಸ್‌ಸ್ಟ್ಯಾಂಡ್ ತರ. ಮೈ ಎಲ್ಲಿ ದುಡಿದು ಬಿಸಿಯಾಗಿರ್ತದೋ ಅಲ್ಲಿ ಇಳಿಸ್ಬುಡ್ಬೇಕು. ಇಳಿಸ್ದೆ ಇಟ್ಕೊಂಡ್ರೆ ಏನ್ ಬಂತು?"

"ನಂದು ಸ್ಟಾಪ್ ಇಲ್ದಿದ್ರೂ ಇಳಿಸ್ತದೆ ಕಣ್ರೀ!"

ಅವಳು ನಕ್ಕಳು. ನನ್ನ ನಾಡಿ ನಿಮಿಷಕ್ಕೆ ಒಂಬೈನೂರು ಬಡಿಯಿತು.

ಆಷಾಢದಲ್ಲಿ ಅವಳ ತಾಯಿ ಯಶೋದಮ್ಮನಿಗೆ ಆಪರೇಷನ್. ಓ ನೆಗೆಟಿವ್ ರಕ್ತವೇ ಬೇಕೆಂದು ರಂಜಿತ ಬಸ್ಸಿನಲ್ಲೆಲ್ಲ ಕೇಳಿದಳು. ಯಾರೋ ಬಂದು, ಹೆಸರೂ ಹೇಳದೆ ಕೊಟ್ಟುಹೋದರು. "ಯಾರಿರಬೋದು?" ಎಂದು ಅವಳು ಹುಡುಕುತ್ತಿದ್ದಾಗ ನಾನು ಎದೆಯುಬ್ಬಿಸಿ "ನಾನೇ" ಎಂದುಬಿಟ್ಟೆ.

ಮರುದಿನವೇ ಡಬ್ಬಿಯಲ್ಲಿ ಕಜ್ಜಾಯ ಬಂತು.

"ಅವ್ವ ಉಸ್ರಾಡ್ದಾಗೆಲ್ಲ ನಿಮ್ಮ ರಕ್ತನೂ ಆಮ್ಲಜನಕ ಹೊರ್ತಾ ಅದೆ," ಎಂದು ರಂಜಿತ ಕಣ್ಣು ತಗ್ಗಿಸಿದಳು. ಆ ನೋಟಕ್ಕಾಗಿ ನಾನು ವರ್ಷವೆಲ್ಲ ಕಾದಿದ್ದೆ. ಆದರೂ ಒಂದು ಕಜ್ಜಾಯವನ್ನೂ ತಿನ್ನದೆ ಡಬ್ಬಿಯನ್ನು ಡ್ರೈವರ್ ಕಲೀಂನ ಕೈಗಿಟ್ಟೆ.

ದೀಪಾವಳಿ ಕಳೆದ ಮೇಲೆ ಅರಕೆರೆಯಲ್ಲಿ ರಕ್ತದಾನ ಶಿಬಿರ. "ನಮ್ಮ ಓ ನೆಗೆಟಿವ್ ಬಂದ್ರು!" ಎಂದು ಅವಳೇ ನನ್ನ ಬೆರಳು ಹಿಡಿದು ಚುಚ್ಚಿದಳು. ಗಾಜಿನ ಮೇಲೆ ಮೂರು ಹನಿ; ಒಂದೊಂದಕ್ಕೂ ಒಂದೊಂದು ಪರೀಕ್ಷೆಯ ದ್ರವ ಬೆರೆಸಿದಳು. ಓ ನೆಗೆಟಿವ್ ಆದರೆ ಒಂದೂ ಗಂಟುಕಟ್ಟಬಾರದು. ಎರಡು ಹನಿ ಒಡೆದ ಹಾಲಿನಂತಾದವು.

ಅವಳ ನಗು ಆರಿತು.

"ಬಿ ಪಾಸಿಟಿವ್. ಇದ ಹಾಕಿದ್ರೆ ಅವ್ವ ಉಳೀತಿತ್ತಾ ಧರ್ಮೇಂದ್ರ?"

ನನ್ನ ಮುಖಕ್ಕೆ ಮೈಯ ರಕ್ತವೆಲ್ಲ ನುಗ್ಗಿತು.

"ಕೊಟ್ಟೋನು ನಮ್ಮ ಡ್ರೈವರ್ ಕಲೀಂ. ಯಾರ್ಗೂ ಹೇಳ್ಬ್ಯಾಡ ಕಣ್ಲಾ ಅಂದಿದ್ದ."

"ನೀವು?"

"ಜೊತೇಲಿ ಬಂದಿದ್ದೆ. ಸೂಜಿ ನೋಡಿ ಆಸ್ಪತ್ರೆ ಗೇಟಿಂದಾಚೆ ಓಡೋದೆ."

ಅವಳು ನನ್ನ ಬೆರಳಿಗೆ ಹತ್ತಿ ಒತ್ತಿ, ರಕ್ತ ಕೊಡುವವರ ಖಾಲಿ ಮಂಚದತ್ತ ನೋಡಿದಳು. ನಾನೇ ಹೋಗಿ ಮಲಗಿ ತೋಳು ಚಾಚಿದೆ.

"ಈಗ್ಲೂ ಭಯ ಆಯ್ತಾ ಅದೆ ಕಣ್ರೀ," ಎಂದೆ. "ನಿಮ್ಮ ಮೇಲಿನ ಆಸೆ ಮಾತ್ರ ಸುಳ್ಳಲ್ಲ. ಮಿಕ್ಕಿದ್ದೆಲ್ಲ ಸುಳ್ಳೇ."